ಸೋತ ಚಿತ್ರಗಳನ್ನು ಅಳಿಸಬೇಡಿ: ಹಾಲಿವುಡ್ ಸ್ಟುಡಿಯೊಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

1982ರ ಜೂನ್ 25, ಶುಕ್ರವಾರ. ಅಮೆರಿಕದ ಚಿತ್ರಮಂದಿರಗಳಲ್ಲಿ ಆ ದಿನ ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ ತೆರೆಕಂಡಿತು. ಅದೇ ದಿನ ಜಾನ್ ಕಾರ್ಪೆಂಟರ್ ನಿರ್ದೇಶನದ ‘ದಿ ಥಿಂಗ್’ ಕೂಡ ಬಂತು. ಎರಡೂ ನೆಲಕಚ್ಚಿದವು. ಸುಮಾರು 1.5 ಕೋಟಿ ಡಾಲರ್ ಖರ್ಚಿನಲ್ಲಿ ತಯಾರಾದ ‘ದಿ ಥಿಂಗ್’ ಅಮೆರಿಕದಲ್ಲಿ 2 ಕೋಟಿ ಡಾಲರ್ ಗಳಿಕೆಯನ್ನೂ ಮುಟ್ಟಲಿಲ್ಲ. ಟಿಕೆಟ್ ಹಣದಲ್ಲಿ ಚಿತ್ರಮಂದಿರದ ಪಾಲು ಕಳೆದರೆ ಉಳಿಯುವುದು ಎಷ್ಟು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ‘ಬ್ಲೇಡ್ ರನ್ನರ್’ ಇದಕ್ಕಿಂತ ದುಬಾರಿ, ಹಾಗಾಗಿ ಅದರ ನಷ್ಟವೂ ದೊಡ್ಡದು. ವಿಮರ್ಶಕರು ‘ಬ್ಲೇಡ್ ರನ್ನರ್’ ಚಿತ್ರವನ್ನು ನಿಧಾನ, ನೀರಸ ಎಂದರು. ‘ದಿ ಥಿಂಗ್’ ಚಿತ್ರವನ್ನು ಹೇಸಿಗೆ ಎಂದರು.

ಆ ಎರಡು ಸೋಲುಗಳ ಬಗ್ಗೆ ನಾಲ್ಕು ದಶಕಗಳ ನಂತರ ನಿಮಗೆ ಪತ್ರ ಬರೆಯಲು ಕಾರಣವಿದೆ. ಅವು ಸೋತರೂ ಉಳಿದವು. ಉಳಿದದ್ದರಿಂದ ಗೆದ್ದವು. ಇಂದು ನೀವು ಬಿಡುಗಡೆ ಮಾಡುವ ಚಿತ್ರವೊಂದು ಸೋತರೆ ಅದು ಉಳಿಯುತ್ತದೆ ಎಂಬ ನಂಬಿಕೆ ನನಗಿಲ್ಲ.

‘ದಿ ಥಿಂಗ್’ ಚಿತ್ರವನ್ನು ನಾನು ಮೊದಲು ನೋಡಿದ್ದು ವಿಡಿಯೊ ಕ್ಯಾಸೆಟ್ಟಿನಲ್ಲಿ, ಅದು ಬಿಡುಗಡೆಯಾದ ಎಷ್ಟೋ ವರ್ಷಗಳ ಮೇಲೆ. ನಕಲಿನ ನಕಲು ಅದು. ಅಂಟಾರ್ಕ್ಟಿಕಾದ ಹಿಮ ಬೆಳ್ಳಗಿರಲಿಲ್ಲ, ತೆಳು ಹಸಿರಾಗಿತ್ತು. ಅದು ಕಳ್ಳ ನಕಲೇ ಇದ್ದಿರಬೇಕು. ಆ ಅಪರಾಧವನ್ನು ಈಗ ಬಹಿರಂಗವಾಗಿಯೇ ಒಪ್ಪಿಕೊಳ್ಳುತ್ತೇನೆ. ಹೊರಗಿನಿಂದ ಬಂದ ಜೀವಿಯೊಂದು ಯಾರ ರೂಪವನ್ನು ಬೇಕಾದರೂ ತಾಳುತ್ತದೆ, ಮುಚ್ಚಿದ ಶಿಬಿರದಲ್ಲಿ ಹನ್ನೆರಡು ಗಂಡಸರು, ಯಾರು ಮನುಷ್ಯ ಯಾರು ಅಲ್ಲ ಎಂದು ಯಾರಿಗೂ ಗೊತ್ತಿಲ್ಲ. ಅಂದು ರಾತ್ರಿ ಮನೆಯವರ ಮುಖಗಳನ್ನೂ ಒಮ್ಮೆ ಅನುಮಾನದಿಂದ ನೋಡಿ ಮಲಗಿದ್ದೆ. ಅದು ಸೋತ ಚಿತ್ರ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಬಹುಶಃ ಬೇರೆ ಕ್ಯಾಸೆಟ್ ತರುತ್ತಿದ್ದೆ.

ಆ ಬೇಸಿಗೆ ಹೇಗಿತ್ತು ಎಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮೇ ತಿಂಗಳಲ್ಲಿ ‘ಕೋನನ್ ದ ಬಾರ್ಬೇರಿಯನ್’, ‘ರಾಕಿ 3’. ಜೂನ್ 4ರಂದು ಒಂದೇ ದಿನ ‘ಪೋಲ್ಟರ್‌ಗೈಸ್ಟ್’ ಮತ್ತು ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರ. ಜೂನ್ 11ರಂದು ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಇ.ಟಿ.’. ಆಮೇಲೆ ಆ ಜೂನ್ 25. ಜುಲೈ 9ರಂದು ‘ಟ್ರಾನ್’. ಸುಮಾರು ಎರಡು ತಿಂಗಳಿನಲ್ಲಿ ಇಷ್ಟು ಚಿತ್ರಗಳು ಒಂದರ ಬೆನ್ನಿಗೆ ಒಂದು ಬಂದವು. ಪ್ರೇಕ್ಷಕರ ಜೇಬು ಒಂದೇ, ರಜೆಯೂ ಅಷ್ಟೇ.

‘ಇ.ಟಿ.’ ಆ ಬೇಸಿಗೆಯನ್ನು ಇಡಿಯಾಗಿ ನುಂಗಿತು. ಒಂದು ಕೋಟಿ ಡಾಲರಿಗೆ ತುಸು ಹೆಚ್ಚು ಖರ್ಚಾದ ಚಿತ್ರವದು. ಒಂದು ವರ್ಷಕ್ಕೂ ಹೆಚ್ಚು ಕಾಲ ಚಿತ್ರಮಂದಿರಗಳಲ್ಲಿ ಓಡಿ, ಜಗತ್ತಿನಲ್ಲೇ ಅತಿ ಹೆಚ್ಚು ಹಣ ಗಳಿಸಿದ ಚಿತ್ರವಾಯಿತು. 1993ರಲ್ಲಿ ಸ್ಪಿಲ್‌ಬರ್ಗ್ ಅವರದೇ ‘ಜುರಾಸಿಕ್ ಪಾರ್ಕ್’ ಬರುವವರೆಗೂ ಆ ದಾಖಲೆ ಮುರಿಯಲಿಲ್ಲ. ಬೇರೆ ಲೋಕದಿಂದ ಬಂದ ಮುದ್ದು ಜೀವಿಗಾಗಿ ಜನ ಕಣ್ಣೀರಿಡುತ್ತಿದ್ದ ಎರಡನೆಯ ವಾರಕ್ಕೇ, ನಾಯಿಯ ಮೈ ಸೀಳಿಕೊಂಡು ಹೊರಬರುವ ಇನ್ನೊಂದು ಜೀವಿಯನ್ನು ಅವರ ಮುಂದೆ ತಂದು ನಿಲ್ಲಿಸಿದವರು ಯಾರು? ಎರಡೂ ಯೂನಿವರ್ಸಲ್ ಸಂಸ್ಥೆಯ ಚಿತ್ರಗಳೇ! ತನ್ನ ಒಂದು ಮಗುವಿನ ಹುಟ್ಟುಹಬ್ಬದ ದಿನ ಇನ್ನೊಂದು ಮಗುವನ್ನು ಬಾಗಿಲಾಚೆ ನಿಲ್ಲಿಸಿದಂತಾಯಿತು.

‘ದಿ ಥಿಂಗ್’ ಸೋಲಿನ ಬೆಲೆಯನ್ನು ಕಾರ್ಪೆಂಟರ್ ತೆತ್ತರು. ಅದೇ ಸಂಸ್ಥೆಗೆ ಅವರು ನಿರ್ದೇಶಿಸಬೇಕಿದ್ದ ಮುಂದಿನ ಚಿತ್ರ ಕೈತಪ್ಪಿತು. ಆ ಜೀವಿಯ ನಾನಾ ರೂಪಗಳನ್ನು ರಬ್ಬರು, ಅಂಟು, ಬಣ್ಣಗಳಿಂದ ಕೈಯಾರೆ ಕಟ್ಟಿದ ರಾಬ್ ಬಾಟಿನ್ ಇಪ್ಪತ್ತರ ಆಸುಪಾಸಿನ ಹುಡುಗ. ಕೆಲಸ ಮುಗಿಯುವ ಹೊತ್ತಿಗೆ ಬಳಲಿ ಆಸ್ಪತ್ರೆ ಸೇರಿದ್ದರು. ಹಿನ್ನೆಲೆ ಸಂಗೀತ ನೀಡಿದ ಎನ್ನಿಯೊ ಮೊರಿಕೋನೆ ಅವರಿಗೆ ವರ್ಷದ ಕೆಟ್ಟ ಸಂಗೀತಕ್ಕೆ ಕೊಡುವ ರಾಜಿ ಎಂಬ ಅಣಕು ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತು. ಈ ಮೊರಿಕೋನೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ, ಮುಂದೆ ಮತ್ತೆ ಬರುತ್ತೇನೆ.

‘ಬ್ಲೇಡ್ ರನ್ನರ್’ ಪಾಡು ಬೇರೆ. ಬಿಡುಗಡೆಗೆ ಮೊದಲೇ ಅದರ ಮೇಲೆ ಕತ್ತರಿ ಆಡಿತ್ತು. ಪರೀಕ್ಷಾರ್ಥ ಪ್ರದರ್ಶನ ನೋಡಿದವರು ಅರ್ಥವಾಗಲಿಲ್ಲ ಎಂದರು. ಹಾಗಾಗಿ ನಾಯಕ ಹ್ಯಾರಿಸನ್ ಫೋರ್ಡ್ ಅವರಿಂದ ಕಥೆ ವಿವರಿಸುವ ಮಾತುಗಳನ್ನು ಹೇಳಿಸಿ ದೃಶ್ಯಗಳ ಮೇಲೆ ಹೊದಿಸಲಾಯಿತು. ಕೊನೆಗೆ ಸುಖಾಂತ್ಯವೊಂದನ್ನು ಅಂಟಿಸಲಾಯಿತು. ಅದಕ್ಕೆ ಬೇಕಾದ ಬೆಟ್ಟಗುಡ್ಡಗಳ ದೃಶ್ಯ ತಮ್ಮ ಬಳಿ ಇಲ್ಲದೆ, ಸ್ಟ್ಯಾನ್ಲಿ ಕುಬ್ರಿಕ್ ‘ದಿ ಶೈನಿಂಗ್’ ಚಿತ್ರಕ್ಕೆ ಚಿತ್ರೀಕರಿಸಿ ಬಳಸದೆ ಬಿಟ್ಟಿದ್ದ ತುಣುಕುಗಳನ್ನು ಕೇಳಿ ಪಡೆದರು. ಎರವಲು ತಂದ ಆ ಸುಖದಿಂದಲೂ ಚಿತ್ರ ಬದುಕಲಿಲ್ಲ. ಮೂಲ ಕಾದಂಬರಿ ಬರೆದ ಫಿಲಿಪ್ ಕೆ. ಡಿಕ್ ಆ ಮಾರ್ಚ್‌ನಲ್ಲೇ ತೀರಿಕೊಂಡಿದ್ದರು. ತಮ್ಮ ಕಥೆಯ ಮೇಲಿನ ಚಿತ್ರ ಸೋತದ್ದನ್ನೂ ಅವರು ಕಾಣಲಿಲ್ಲ, ಗೆದ್ದದ್ದನ್ನೂ ಕಾಣಲಿಲ್ಲ.

ಹಾಗಾದರೆ ಇವು ಉಳಿದದ್ದು ಹೇಗೆ? ಇಲ್ಲಿಂದ ಮುಂದಿನದನ್ನು ನೀವು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಆ ಬೇಸಿಗೆ ಶುರುವಾಗುವ ಮೊದಲು, 1982ರ ಏಪ್ರಿಲ್‌ನಲ್ಲಿ, ನಿಮ್ಮೆಲ್ಲರ ಪರವಾಗಿ ಜಾಕ್ ವ್ಯಾಲೆಂಟಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಅವರು ಚಲನಚಿತ್ರ ನಿರ್ಮಾಣ ಸಂಸ್ಥೆಗಳ ಸಂಘದ ಅಧ್ಯಕ್ಷರು. ಮನೆಯಲ್ಲಿ ಒಂಟಿಯಾಗಿರುವ ಹೆಣ್ಣಿಗೆ ಬಾಸ್ಟನ್ನಿನ ಕತ್ತು ಹಿಸುಕುವ ಕೊಲೆಗಾರ ಹೇಗೋ, ಅಮೆರಿಕದ ಚಿತ್ರೋದ್ಯಮಕ್ಕೆ ವಿಸಿಆರ್ ಎಂಬ ಯಂತ್ರ ಹಾಗೆ ಎಂದರು. ಅದಕ್ಕೂ ಮೊದಲೇ, 1976ರಲ್ಲಿ, ಟಿ.ವಿ. ಕಾರ್ಯಕ್ರಮಗಳನ್ನು ಮನೆಯಲ್ಲೇ ಕ್ಯಾಸೆಟ್ಟಿಗೆ ಮುದ್ರಿಸಿಕೊಳ್ಳುವ ಇದೇ ಬಗೆಯ ಯಂತ್ರ ಮಾರಿದ್ದಕ್ಕೆ ಸೋನಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವರು ಯೂನಿವರ್ಸಲ್ ಮತ್ತು ಡಿಸ್ನಿ. ಅಂದರೆ ‘ದಿ ಥಿಂಗ್’ ಮತ್ತು ‘ಟ್ರಾನ್’ ಚಿತ್ರಗಳ ಒಡೆಯರು. 1984ರ ಜನವರಿ 17ರಂದು ಸುಪ್ರೀಂ ಕೋರ್ಟ್ ಒಂದೇ ಒಂದು ಮತದ ಅಂತರದಲ್ಲಿ, ಐದಕ್ಕೆ ನಾಲ್ಕರಂತೆ, ಸೋನಿಯ ಪರ ತೀರ್ಪು ಕೊಟ್ಟಿತು.

ಆ ಒಂದು ಮತ ಆಚೆಗೆ ಬಿದ್ದಿದ್ದರೆ? ನೀವು ಕೊಲೆಗಾರ ಎಂದು ಕರೆದ ಯಂತ್ರವೇ ನಿಮ್ಮ ಸೋತ ಮಕ್ಕಳನ್ನು ಸಾಕಿತು. ಚಿತ್ರಮಂದಿರದಿಂದ ಎತ್ತಂಗಡಿಯಾದ ಚಿತ್ರಗಳು ಬಾಡಿಗೆ ಕ್ಯಾಸೆಟ್ಟಿನ ಕಪಾಟು ಸೇರಿದವು. ಅಲ್ಲಿ ‘ಇ.ಟಿ.’ ಇರಲಿಲ್ಲ, ಏಕೆಂದರೆ ಅದನ್ನು 1988ರವರೆಗೂ ನೀವು ಕ್ಯಾಸೆಟ್ಟಿಗೆ ಬಿಡಲೇ ಇಲ್ಲ. ಗೆದ್ದ ಜೀವಿ ಬೀಗದೊಳಗಿತ್ತು, ಸೋತ ಜೀವಿ ಮನೆಮನೆಗೆ ಹೋಯಿತು. ಶುಕ್ರವಾರ ಟಿಕೆಟ್ ಕೊಳ್ಳದವರು ಆರು ವರ್ಷದ ನಂತರದ ಯಾವುದೋ ರಾತ್ರಿ ಅದನ್ನು ನೋಡಿ ಬೆಚ್ಚಿಬಿದ್ದರು, ಇನ್ನೊಬ್ಬರಿಗೆ ಹೇಳಿದರು. ಇಂದು ಅಂಟಾರ್ಕ್ಟಿಕಾದ ದಕ್ಷಿಣ ಧ್ರುವ ಕೇಂದ್ರದಲ್ಲಿ ಚಳಿಗಾಲಕ್ಕೆ ಉಳಿಯುವ ಸಿಬ್ಬಂದಿ, ಕೊನೆಯ ವಿಮಾನ ಹೊರಟ ಮೇಲೆ ಒಟ್ಟಿಗೆ ಕುಳಿತು ‘ದಿ ಥಿಂಗ್’ ನೋಡುವುದು ವಾಡಿಕೆಯಾಗಿದೆ. ಮುಂದಿನ ಎಂಟು ತಿಂಗಳು ಜೊತೆಗಿರಬೇಕಾದವರೊಂದಿಗೆ ಕುಳಿತು ನೋಡುವ ಚಿತ್ರವೇ ಅದು? ಅವರ ಧೈರ್ಯಕ್ಕೆ ನನ್ನ ನಮಸ್ಕಾರ.

‘ಬ್ಲೇಡ್ ರನ್ನರ್’ ಚಿತ್ರವನ್ನು ಎಬ್ಬಿಸಿದ್ದು ಇನ್ನೂ ವಿಚಿತ್ರವಾದ ಆಕಸ್ಮಿಕ. 1990ರ ಮೇ ತಿಂಗಳಿನಲ್ಲಿ ಲಾಸ್ ಏಂಜಲಿಸ್‌ನ ಫೇರ್‌ಫ್ಯಾಕ್ಸ್ ಚಿತ್ರಮಂದಿರದ ಹಳೆಯ ಚಿತ್ರಗಳ ಉತ್ಸವವೊಂದಕ್ಕೆ 70 ಎಂಎಂ ಪ್ರತಿ ಬೇಕಾಗಿತ್ತು. ಸಾಮಾನ್ಯ ಪ್ರತಿ ಎಂದುಕೊಂಡು ತಂದು ಹಾಕಿದ ರೀಲುಗಳಲ್ಲಿ, ಬಿಡುಗಡೆಗೆ ಮೊದಲಿನ ಸಂಕಲನದ ಪ್ರತಿ ಇತ್ತು. ವಿವರಣೆಯ ಮಾತುಗಳು ಹೆಚ್ಚುಕಡಿಮೆ ಇಲ್ಲ. ಅಂಟಿಸಿದ ಸುಖಾಂತ್ಯವೂ ಇಲ್ಲ. ನೋಡುತ್ತಿದ್ದವರಿಗೆ ತಾವು ಬೇರೆಯೇ ಚಿತ್ರ ನೋಡುತ್ತಿದ್ದೇವೆ ಎಂದು ಹೊಳೆಯಿತು. ಮುಂದಿನ ವರ್ಷ ಅದೇ ಪ್ರತಿಯನ್ನು ಲಾಸ್ ಏಂಜಲಿಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೋರಿಸಿದಾಗ ಜನ ಕಿಕ್ಕಿರಿದರು. ಅದರ ಬಿಸಿಗೇ 1992ರಲ್ಲಿ ನಿರ್ದೇಶಕರ ಆವೃತ್ತಿ ಬಂತು, 1993ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಯ ಗೌರವ ಸಿಕ್ಕಿತು, 2007ರಲ್ಲಿ ಸ್ಕಾಟ್ ತಮಗೆ ಬೇಕಾದಂತೆ ತಿದ್ದಿದ ಅಂತಿಮ ಆವೃತ್ತಿ ಬಂತು. ಇಷ್ಟಕ್ಕೂ ಮೂಲ ಕಾರಣ ಏನು? ಡಬ್ಬಗಳಲ್ಲಿದ್ದ ಯಾವ ಕೆಲಸಕ್ಕೂ ಬಾರದ ಒಂದು ಪ್ರತಿಯನ್ನು ಯಾರೂ ಎಸೆದಿರಲಿಲ್ಲ. ಅಷ್ಟೇ.

ಈಗ ನಲವತ್ತು ವರ್ಷ ಮುಂದಕ್ಕೆ ಬನ್ನಿ.

2022ರ ಆಗಸ್ಟ್‌ನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಸಂಸ್ಥೆ ‘ಬ್ಯಾಟ್‌ಗರ್ಲ್’ ಚಿತ್ರವನ್ನು ಬಿಡುಗಡೆ ಮಾಡುವುದಿಲ್ಲ ಎಂದು ಘೋಷಿಸಿತು. ಸುಮಾರು 9 ಕೋಟಿ ಡಾಲರ್ ಖರ್ಚಾಗಿದ್ದ, ಚಿತ್ರೀಕರಣ ಮುಗಿದಿದ್ದ ಚಿತ್ರ. ಚಿತ್ರಮಂದಿರಕ್ಕೂ ಇಲ್ಲ, ಒಟಿಟಿಗೂ ಇಲ್ಲ. ನಷ್ಟವೆಂದು ಬರೆದುಕೊಂಡರೆ ತೆರಿಗೆಯಲ್ಲಿ ಲಾಭವಿತ್ತು. ಸುದ್ದಿ ಕೇಳಿದೊಡನೆ ದೃಶ್ಯಗಳನ್ನು ಮೊಬೈಲಿನಲ್ಲಾದರೂ ಹಿಡಿದಿಟ್ಟುಕೊಳ್ಳೋಣವೆಂದು ನಿರ್ದೇಶಕರು ಸರ್ವರ್ ತೆರೆಯಲು ಹೋದರು. ಬಾಗಿಲು ಆಗಲೇ ಮುಚ್ಚಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ದುಡಿದವರಿಗಾಗಿ ಸ್ಟುಡಿಯೊದ ಒಳಗೆ ಗುಟ್ಟಾಗಿ ಒಂದೆರಡು ಪ್ರದರ್ಶನಗಳು ನಡೆದವಂತೆ. ಪತ್ರಿಕೆಗಳು ಅವನ್ನು ಕರೆದದ್ದು ಶವಸಂಸ್ಕಾರದ ಪ್ರದರ್ಶನಗಳೆಂದು.

ಮರುವರ್ಷದ ಬೇಸಿಗೆಯ ಬಗ್ಗೆ ಮಾತೆತ್ತಿದರೆ ಎಲ್ಲರ ಬಾಯಲ್ಲೂ ‘ಬಾರ್ಬಿ’ ಮತ್ತು ‘ಓಪನ್‌ಹೈಮರ್’. ಇರಲಿ, ಆ ಸಂಭ್ರಮ ನ್ಯಾಯವಾದದ್ದೇ. ನನಗೆ ನೆನಪಾಗುವುದು ಅದೇ 2023ರ ಬೇಸಿಗೆಯ ‘ಕ್ರೇಟರ್’. ಚಂದ್ರನ ಮೇಲಿನ ಗಣಿಯೂರಿನಲ್ಲಿ ಬೆಳೆದ ಹುಡುಗರು ಒಂದು ವಾಹನ ಕದ್ದು ದೂರದ ಕುಳಿಯೊಂದನ್ನು ನೋಡಲು ಹೊರಡುವ ಕಥೆ. ಮೇ 12ರಂದು ಡಿಸ್ನಿ ಪ್ಲಸ್‌ನಲ್ಲಿ ಬಂತು, ಜೂನ್ 30ರಂದು ಅಲ್ಲಿಂದ ಮಾಯವಾಯಿತು. ಆಯುಷ್ಯ ನಲವತ್ತೊಂಬತ್ತು ದಿನ. ಚಿತ್ರಮಂದಿರದಲ್ಲಿ ಅದು ಬಂದಿರಲಿಲ್ಲ, ಡಿಸ್ಕ್ ಆಗಿರಲಿಲ್ಲ. ಹಾಗಾಗಿ ಒಂದು ಗುಂಡಿ ಒತ್ತಿದರೆ ಮುಗಿಯಿತು, ಎಲ್ಲೂ ಇಲ್ಲ. ಆ ದಿನಗಳಲ್ಲಿ ತೆಗೆದುಹಾಕಿದ ಚಿತ್ರ, ಸರಣಿಗಳ ಲೆಕ್ಕದಲ್ಲಿ ಡಿಸ್ನಿ 150 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಕೆಲವು ತಿಂಗಳ ನಂತರ ‘ಕ್ರೇಟರ್’ ದುಡ್ಡು ಕೊಟ್ಟು ಪಡೆಯುವ ಡಿಜಿಟಲ್ ರೂಪದಲ್ಲಿ ಮರಳಿತು ಎಂಬುದನ್ನು ಹೇಳದಿದ್ದರೆ ನಾನು ನ್ಯಾಯ ತಪ್ಪಿದಂತಾಗುತ್ತದೆ. ಆದರೆ ಆ ಮಧ್ಯದ ಕಾಲದಲ್ಲಿ ಹಣ ಕೊಡುತ್ತೇನೆಂದರೂ ನೋಡುವ ದಾರಿ ಇರಲಿಲ್ಲ. ಅದು ದೊಡ್ಡ ಚಿತ್ರವೇನಲ್ಲ. 1982ರ ಜುಲೈನಲ್ಲಿ ಕೇಳಿದ್ದರೆ ‘ದಿ ಥಿಂಗ್’ ಕೂಡ ದೊಡ್ಡ ಚಿತ್ರವೇನಲ್ಲ ಎನ್ನುತ್ತಿದ್ದರು.

ನೀವು ಹೇಳುವ ಮಾತು ನನಗೆ ಗೊತ್ತು. ಸೋತ ಚಿತ್ರಗಳೆಲ್ಲ ‘ಬ್ಲೇಡ್ ರನ್ನರ್’ ಅಲ್ಲ, ಬಹುಪಾಲು ನಿಜಕ್ಕೂ ಕೆಟ್ಟವು. ಒಪ್ಪಿದೆ. ಅದೇ ಜೂನ್ 25ರಂದು ‘ಮೆಗಾಫೋರ್ಸ್’ ಎಂಬ ಮೂರನೆಯ ಚಿತ್ರವೂ ಬಂದಿತ್ತು. ಅದರ ನಾಯಕ ಕೊನೆಯಲ್ಲಿ ಮೋಟರ್‌ಸೈಕಲನ್ನು ಆಕಾಶದಲ್ಲಿ ಹಾರಿಸುತ್ತಾನೆ. ಏಕೆ ಎಂದು ಕೇಳಬೇಡಿ. ‘ಇ.ಟಿ.’ ಬಂದ ದಿನವೇ ‘ಗ್ರೀಸ್ 2’ ಬಂದು ಮುಗ್ಗರಿಸಿತ್ತು. ನನಗೆ ಅದು ಇಂದಿಗೂ ಹಿಡಿಸಿಲ್ಲ. ಆದರೆ ಮಿಶೆಲ್ ಫೈಫರ್ ಮೊದಲ ಬಾರಿ ಪ್ರಮುಖ ಪಾತ್ರದಲ್ಲಿ ಕಾಣುವುದು ಅದರಲ್ಲೇ, ಮತ್ತು ಆ ಚಿತ್ರವನ್ನು ಪ್ರಾಣಕ್ಕಿಂತ ಹೆಚ್ಚು ಹಚ್ಚಿಕೊಂಡವರು ಇಂದು ಸಾಕಷ್ಟು ಜನರಿದ್ದಾರೆ. ಯಾವುದು ಉಳಿಯತಕ್ಕದ್ದು ಎಂಬ ತೀರ್ಮಾನ ಮೊದಲ ಸೋಮವಾರದ ಗಳಿಕೆಯ ಪಟ್ಟಿ ನೋಡುವವರಿಗೆ ಆಗದ ಕೆಲಸ. ನನಗೂ ಆಗದು, ವಿಮರ್ಶಕರಿಗೂ ಆಗದು.

‘ಟ್ರಾನ್’ ನೋಡಿ. ಡಿಸ್ನಿಗೆ ಅದು ನಿರಾಸೆಯ ಲೆಕ್ಕ. ಅದರಲ್ಲಿ ಕಂಪ್ಯೂಟರಿನಿಂದಲೇ ಹುಟ್ಟಿದ ದೃಶ್ಯಗಳು ಕಾಲು ಗಂಟೆಯಷ್ಟಿದ್ದವು. ಅಂದಿನ ಮಟ್ಟಿಗೆ ಊಹಿಸಲಾಗದ ಸಾಹಸ. ಆದರೂ ದೃಶ್ಯ ಪರಿಣಾಮಗಳ ಆಸ್ಕರ್‌ಗೆ ಅದರ ಹೆಸರನ್ನೇ ಪರಿಗಣಿಸಲಿಲ್ಲ. ಕಂಪ್ಯೂಟರ್ ಬಳಸಿದ್ದು ಮೋಸವೆಂದು ಅಂದಿನವರು ಭಾವಿಸಿದ್ದರು ಎಂದು ನಿರ್ದೇಶಕ ಸ್ಟೀವನ್ ಲಿಸ್‌ಬರ್ಗರ್ ಹೇಳಿಕೊಂಡಿದ್ದಾರೆ. ಡಿಸ್ನಿಯಲ್ಲೇ ಕೆಲಸಕ್ಕಿದ್ದ ಯುವಕನೊಬ್ಬ ಆ ದೃಶ್ಯಗಳನ್ನು ಕಂಡು ಬೆರಗಾದ. ಆತ ಜಾನ್ ಲ್ಯಾಸೆಟರ್, ಮುಂದೆ ‘ಟಾಯ್ ಸ್ಟೋರಿ’ ಎಂಬ ಕಂಪ್ಯೂಟರ್ ಅನಿಮೇಷನ್ ಚಿತ್ರ ನಿರ್ದೇಶಿಸಿದವರು. ‘ಟ್ರಾನ್’ ಇಲ್ಲದಿದ್ದರೆ ‘ಟಾಯ್ ಸ್ಟೋರಿ’ಯೂ ಇಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು.

ಮೊರಿಕೋನೆ ಕಥೆ ಬಾಕಿ ಇತ್ತಲ್ಲ. ‘ದಿ ಥಿಂಗ್’ ಚಿತ್ರಕ್ಕಾಗಿ ಅವರು ರಚಿಸಿದ ಸಂಗೀತದಲ್ಲಿ ಒಂದಷ್ಟು ಭಾಗ ಚಿತ್ರದಲ್ಲಿ ಬಳಕೆಯಾಗಲೇ ಇಲ್ಲ. ಬೇರೆಯವರಾಗಿದ್ದರೆ ಕಸದ ಬುಟ್ಟಿಗೆ ಹೋಗುತ್ತಿತ್ತು. 2015ರಲ್ಲಿ ಕ್ವೆಂಟಿನ್ ಟರಂಟಿನೊ ಹಿಮದ ನಡುವೆ ಸಿಕ್ಕಿಬಿದ್ದವರ ಕಥೆಯೊಂದನ್ನು, ‘ದಿ ಹೇಟ್‌ಫುಲ್ ಎಯ್ಟ್’ ಚಿತ್ರವನ್ನು, ಮಾಡಿದಾಗ ಮೊರಿಕೋನೆ ಹೊಸ ಸಂಗೀತದ ಜೊತೆ ಆ ಉಳಿಕೆಯ ತುಣುಕುಗಳನ್ನೂ ಸೇರಿಸಿದರು. 2016ರಲ್ಲಿ ಅವರಿಗೆ ಆಸ್ಕರ್ ಬಂತು. ಜೀವಮಾನದ ಸಾಧನೆಯ ಗೌರವವನ್ನು ಬಿಟ್ಟರೆ, ಸ್ಪರ್ಧೆಯಲ್ಲಿ ಗೆದ್ದ ಮೊದಲ ಆಸ್ಕರ್ ಅದು. ಆಗ ಅವರಿಗೆ 87 ವರ್ಷ.

ಇನ್ನೊಂದು ಬಗೆಯ ಅಳಿಸುವಿಕೆಯೂ ಇದೆ. 2002ರಲ್ಲಿ ‘ಇ.ಟಿ.’ ಮರುಬಿಡುಗಡೆಯಾದಾಗ ಮಕ್ಕಳನ್ನು ಬೆನ್ನಟ್ಟುವ ಅಧಿಕಾರಿಗಳ ಕೈಯಲ್ಲಿದ್ದ ಬಂದೂಕುಗಳನ್ನು ಡಿಜಿಟಲ್ ಆಗಿ ಒರೆಸಿ ವಾಕಿಟಾಕಿಗಳನ್ನು ಇಟ್ಟಿದ್ದರು. ವಾಕಿಟಾಕಿ ಹಿಡಿದವರಿಗೆ ಹೆದರಿ ಸೈಕಲ್ ಹಾರಿಸಬೇಕೇ ಎಂದು ಜನ ನಕ್ಕರು. ಅದು ತಪ್ಪಾಯಿತು ಎಂದು ಸ್ಪಿಲ್‌ಬರ್ಗ್ ಮುಂದೆ ಬಾಯಿಬಿಟ್ಟು ಹೇಳಿದರು. ಬಂದೂಕುಗಳು ಮರಳಿ ಬಂದವು, ಏಕೆಂದರೆ ಮೂಲ ಪ್ರತಿ ಇತ್ತು. ಪಶ್ಚಾತ್ತಾಪ ಪಡಲಿಕ್ಕೂ ಒಂದು ಪ್ರತಿ ಬೇಕು.

ಅಳಿದದ್ದು ಎಷ್ಟು ಎಂಬ ಲೆಕ್ಕ ನಿಮ್ಮ ದೇಶದಲ್ಲೇ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರ ನಡುವೆ ಅಲ್ಲಿ ತಯಾರಾದ ಹತ್ತು ಸಾವಿರಕ್ಕೂ ಹೆಚ್ಚು ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲೇ ಉಳಿದಿರುವುದು ಶೇ. 14 ಮಾತ್ರ. ಕೆಲವು ಬೆಂಕಿಗೆ ಆಹುತಿಯಾದವು, ಕೆಲವು ತಾವಾಗಿಯೇ ಕೊಳೆತವು. ಎಷ್ಟನ್ನೋ ಸ್ಟುಡಿಯೊಗಳೇ ಕೈಯಾರೆ ನಾಶ ಮಾಡಿದವು. ಮಾತಿನ ಚಿತ್ರಗಳು ಬಂದ ಮೇಲೆ ಮೂಕಿ ಚಿತ್ರಕ್ಕೆ ಕಾಸು ಹುಟ್ಟುತ್ತಿರಲಿಲ್ಲ, ಆದರೆ ಫಿಲ್ಮನ್ನು ಕರಗಿಸಿದರೆ ಅದರಲ್ಲಿನ ಬೆಳ್ಳಿ ಸಿಗುತ್ತಿತ್ತು. ಅಂದು ಬೆಳ್ಳಿ, ಇಂದು ತೆರಿಗೆ ವಿನಾಯಿತಿ.

ಇಡುವುದಕ್ಕೂ ಖರ್ಚಿದೆ ಎನ್ನುತ್ತೀರಿ. ಇದೆ. ಆಸ್ಕರ್ ಕೊಡುವ ನಿಮ್ಮ ಅಕಾಡೆಮಿಯೇ 2007ರ ವರದಿಯಲ್ಲಿ, ಡಿಜಿಟಲ್ ಮೂಲಪ್ರತಿಯನ್ನು ಕಾಪಾಡುವ ವಾರ್ಷಿಕ ಖರ್ಚು ಫಿಲ್ಮ್ ಪ್ರತಿಯದಕ್ಕಿಂತ ಹನ್ನೊಂದು ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಿತ್ತು. ಡಬ್ಬದಲ್ಲಿಟ್ಟ ರೀಲನ್ನು ತಂಪು ಕೋಣೆಯಲ್ಲಿ ಮರೆತುಬಿಟ್ಟರೂ ಅದು ಬದುಕುತ್ತದೆ, ಹಾರ್ಡ್‌ಡಿಸ್ಕನ್ನು ಮರೆಯುವಂತಿಲ್ಲ, ಆಗಾಗ ಹೊಸದಕ್ಕೆ ವರ್ಗಾಯಿಸುತ್ತಿರಬೇಕು. ಅಲಕ್ಷ್ಯವೇ ‘ಬ್ಲೇಡ್ ರನ್ನರ್’ ಪ್ರತಿಯನ್ನು ಉಳಿಸಿತ್ತು. ಈಗ ಅಲಕ್ಷ್ಯವೇ ಕೊಲ್ಲುತ್ತದೆ. ಆದರೂ ಆ ವರದಿಯ ಲೆಕ್ಕದಲ್ಲೇ ಹೇಳುವುದಾದರೆ ಚಿತ್ರವೊಂದಕ್ಕೆ ವರ್ಷಕ್ಕೆ ಹನ್ನೆರಡೂವರೆ ಸಾವಿರ ಡಾಲರ್. ಬಿಡುಗಡೆಯ ಮುನ್ನಾದಿನದ ಔತಣಕ್ಕೆ ನೀವು ಇದಕ್ಕಿಂತ ಹೆಚ್ಚು ಸುರಿಯುತ್ತೀರಿ.

ಬೇಡವಾದದ್ದನ್ನು ಮಾರಿಬಿಡಿ. ಅದೂ ಸಾಧ್ಯ ಎಂದು ನೀವೇ ತೋರಿಸಿದ್ದೀರಿ. 2023ರ ನವೆಂಬರ್‌ನಲ್ಲಿ ಮೂಲೆಗೆ ತಳ್ಳಿದ್ದ ‘ಕಯೋಟಿ ವರ್ಸಸ್ ಆಕ್ಮಿ’ ಚಿತ್ರವನ್ನು, ಕಲಾವಿದರೂ ಪ್ರೇಕ್ಷಕರೂ ಗದ್ದಲವೆಬ್ಬಿಸಿದ ಮೇಲೆ, 2025ರಲ್ಲಿ ಬೇರೆ ವಿತರಕರಿಗೆ ಕೊಟ್ಟಿರಿ. ಆ ಗದ್ದಲ ಪ್ರತಿ ಚಿತ್ರಕ್ಕೂ ಏಳುವುದಿಲ್ಲ. ನರಿಯ ಜಾತಿಯ ಆ ಕಾರ್ಟೂನ್ ಪ್ರಾಣಿ ಕಯೋಟಿಗೆ ಎಪ್ಪತ್ತು ವರ್ಷಗಳ ಅಭಿಮಾನಿಗಳಿದ್ದರು. ಮೊದಲ ಚಿತ್ರ ಮಾಡಿದ ನಿರ್ದೇಶಕನಿಗೆ ಯಾರಿದ್ದಾರೆ?

ಮಾರಲೂ ಮನಸ್ಸಿಲ್ಲವಾದರೆ ಒಂದು ಜಾಗ ಸೂಚಿಸುತ್ತೇನೆ. ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಬೆಟ್ಟದ ಒಡಲಲ್ಲಿ ಕಟ್ಟಿದ ನೆಲಮಾಳಿಗೆಯೊಂದಿದೆ. ಅಣುಯುದ್ಧವಾದರೆ ದೇಶಕ್ಕೆ ನಗದು ಬೇಕಾಗುತ್ತದೆಂದು ಫೆಡರಲ್ ರಿಸರ್ವ್ ಬ್ಯಾಂಕು ಒಂದು ಕಾಲದಲ್ಲಿ ಅಲ್ಲಿ ನೂರಾರು ಕೋಟಿ ಡಾಲರ್ ನೋಟುಗಳನ್ನು ಕೂಡಿಟ್ಟಿತ್ತು. 2007ರಿಂದ ಅದು ಲೈಬ್ರರಿ ಆಫ್ ಕಾಂಗ್ರೆಸ್‌ನ ಚಲನಚಿತ್ರ ಭಂಡಾರ. ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ರೀಲುಗಳಿಗೆಂದೇ ಅಲ್ಲಿ 124 ಕೋಣೆಗಳಿವೆ. ಹಣವಿದ್ದ ಜಾಗದಲ್ಲಿ ಈಗ ಚಿತ್ರಗಳಿವೆ, ನಿಮಗೆ ಅಷ್ಟೇನೂ ಅಪರಿಚಿತವೆನಿಸದ ಜಾಗ. ಚಿತ್ರದ ಒಂದು ಪ್ರತಿಯನ್ನು ಅಲ್ಲಿಗೆ ಕೊಡಿ. ಐವತ್ತು ವರ್ಷ ಯಾರಿಗೂ ತೋರಿಸಕೂಡದು ಎಂಬ ಷರತ್ತು ಬೇಕಿದ್ದರೆ ಹಾಕಿ, ತೆರಿಗೆಯವರಿಗೂ ಸಮಾಧಾನವಾಗಲಿ. ಆಗ ನೋಡಲು ನಾನಿರುವುದಿಲ್ಲ, ಲೆಕ್ಕ ಕೇಳಲು ನಿಮ್ಮ ಷೇರುದಾರರೂ ಇರುವುದಿಲ್ಲ.

‘ಬ್ಯಾಟ್‌ಗರ್ಲ್’ ಪ್ರತಿ ಇನ್ನೂ ಎಲ್ಲಾದರೂ ಉಳಿದಿದ್ದರೆ, ಮೊದಲು ಅದನ್ನು ಕಳುಹಿಸಿ.

ಇಂತಿ,
ತಡವಾಗಿ ನೋಡಿದ ಒಬ್ಬ ಪ್ರೇಕ್ಷಕ